ಮೂರನೆಯ ಪ್ಯಾರಾ

ಹತ್ತು ಗಂಟೆಗೆ ಐದು ನಿಮಿಷ ಮುಂಚೆ ನೀರು ಸರಬರಾಜು ಕಚೇರಿಯ ಮೀಟರ್ ಗುಮಾಸ್ತ ಒಳಗೆ ಕಾಲಿಟ್ಟು ನೋಡಿದರೆ, ಹತ್ತೊಂಬತ್ತು ವರ್ಷ ಕಿಟಕಿ ಪಕ್ಕ ಇದ್ದ ಅವನ ಮೇಜು ಅಲ್ಲಿರಲಿಲ್ಲ. ಆ ಜಾಗದಲ್ಲಿ ಹೊಸ ಜೆರಾಕ್ಸ್ ಮಿಷನ್ನು ಮನೆಗೆ ಬಂದ ಹೊಸ ಅಳಿಯನಂತೆ ಬೀಗುತ್ತ ಕೂತಿತ್ತು. ಮೇಜು ಶೌಚಾಲಯದ ಬಾಗಿಲಿಗೆ ಒತ್ತಿಕೊಂಡು ನಿಂತಿತ್ತು.

"ಯಾರ್ರೀ ಇದನ್ನ ಮಾಡಿದ್ದು?"

"ಮೇಡಂ ಹೇಳಿದ್ರು ಸಾರ್," ಅಂದ ಸ್ಟೋರಿನವನು. ಮಿಷನ್ನನ್ನು ಇಳಿಸಿಕೊಂಡವನೂ ಒರೆಸುತ್ತಿದ್ದವನೂ ಅವನೇ. "ಮಿಷನ್ ಬಿಸಿ ಆಗತ್ತಂತೆ. ಅದಕ್ಕೆ ಗಾಳಿ ಬೇಕಂತೆ."

"ನಾನೇನು ಮೂಗಿಲ್ಲದೆ ಹುಟ್ಟಿದೀನಾ?"

"ನಿಮ್ಮ ಮೂಗಿಗೆ ಗ್ಯಾರಂಟಿ ಕಾರ್ಡ್ ಇಲ್ವಲ್ಲ ಸಾರ್."

ಬೆನ್ನ ಹಿಂದೆ ಎಲ್ಲರೂ ಗುಮಾಸ್ತನನ್ನು ಸೀಮೆಎಣ್ಣೆ ಅನ್ನುತ್ತಿದ್ದದ್ದು ಸುಮ್ಮನೆ ಅಲ್ಲ. ಕಡ್ಡಿ ಗೀರುವುದು ಬೇಡ, ಪೆಟ್ಟಿಗೆ ತೋರಿಸಿದರೆ ಸಾಕು. ಅವನು ನಿಂತ ನಿಂತಲ್ಲೇ ಮೂರು ಸಾಲು ಗೀಚಿ ಟೈಪಿಸ್ಟಮ್ಮನ ಮುಂದೆ ಕುಕ್ಕಿದ.

ಆಕೆ ಕನ್ನಡಕ ಏರಿಸಿಕೊಂಡು ಓದಿದಳು. "'ಇದು ದಬ್ಬಾಳಿಕೆ. ಇದು ಅನ್ಯಾಯ. ಈ ಆಜ್ಞೆ ಹೊರಡಿಸಿದವರ ತಲೆಯಲ್ಲಿ ಇರುವುದು ಮಿದುಳೋ ಮಣ್ಣೋ ಪರೀಕ್ಷಿಸಬೇಕು.' ಸಾರ್, ಇದು ಅರ್ಜಿಯಲ್ಲ, ಬೀದಿಜಗಳ. ಇದನ್ನ ನಾನು ಟೈಪ್ ಮಾಡಿದ್ರೆ ನಾಳೆ ನನ್ನ ಮೇಜೂ ನಿಮ್ಮ ಪಕ್ಕಕ್ಕೇ ಬರತ್ತೆ."

ಕೌಂಟರಿನ ಆಚೆ, ನಲ್ಲಿಯಲ್ಲಿ ಹನ್ನೊಂದು ದಿನದಿಂದ ನೀರಿಲ್ಲ ಎಂದು ದೂರು ಕೊಡಲು ಬಂದಿದ್ದ ರಿಟೈರಾದ ಮೇಷ್ಟ್ರೊಬ್ಬರು ನಿಂತಿದ್ದರು. ಅವರು ಕೈ ಚಾಚಿ ಹಾಳೆ ಎತ್ತಿಕೊಂಡು, ಜೇಬಿನಿಂದ ಕೆಂಪು ಪೆನ್ನು ತೆಗೆದು, ಮೂರೂ ಸಾಲಿಗೆ ಅಡ್ಡಗೆರೆ ಎಳೆದರು.

"ಇದರಲ್ಲಿ ಕೋಪ ಇದೆ, ವಾದ ಎಲ್ಲಿದೆಯಪ್ಪ?"

"ನಿಮ್ಮನ್ನ ಯಾರು ಕೇಳಿದ್ರು?"

"ನನ್ನನ್ನ ಯಾವತ್ತೂ ಯಾರೂ ಕೇಳಿಲ್ಲ. ಮೂವತ್ನಾಲ್ಕು ವರ್ಷ ಹೇಳಿಕೊಟ್ಟೆ. ಕೂತ್ಕೋ." ಗುಮಾಸ್ತ ತನಗರಿವಿಲ್ಲದೆ ಕೂತ. "ಮೊದಲ ಪ್ಯಾರಾದಲ್ಲಿ ನಿನ್ನ ನಿಲುವು, ಒಂದೇ ವಾಕ್ಯ. ಎರಡನೇದರಲ್ಲಿ ಕಾರಣ, ಕಾರಣದ ಬೆನ್ನಿಗೆ ಪುರಾವೆ. ಮೂರನೇದು ಎದುರು ಪಕ್ಷದ ಮಾತು. ಅವರಿಗಿಂತ ಚೆನ್ನಾಗಿ ನೀನೇ ಹೇಳ್ಬೇಕು, ಆಗಲೇ ಓದೋರು ನಿನ್ನನ್ನ ನಂಬೋದು. ನಾಲ್ಕನೇದರಲ್ಲಿ ಅದನ್ನ ಮುರೀಬೇಕು. ಕೊನೆಗೆ ಮುಕ್ತಾಯ."

"ಅವರ ಪರವಾಗಿ ನಾನ್ಯಾಕೆ ಬರೀಲಿ?" ಗುಮಾಸ್ತನ ಹಲ್ಲು ಕಟಕಟ ಅಂದಿತು.

"ಎದುರಾಳಿನ ಎತ್ತಿ ನಿಲ್ಲಿಸದೆ ಬೀಳಿಸೋದು ಹೇಗೆ?"

ಮಾತು ಗುಮಾಸ್ತನಿಗೆ ಹಿಡಿಸಿತು. ಬೀಳಿಸುವುದು ಅನ್ನುವ ಭಾಗ. ನಿಲುವು ಬರೆದ. ಪುರಾವೆಗೆಂದು ಶೌಚಾಲಯದ ಬಾಗಿಲು ಎಷ್ಟು ಸಲ ತೆರೆಯುತ್ತದೆ ಎಂದು ಎಣಿಸತೊಡಗಿದ. ಸುದ್ದಿ ಹಬ್ಬಿ, ಸಹಾಯ ಮಾಡೋಣವೆಂದು ಜನ ಅಗತ್ಯವಿಲ್ಲದಿದ್ದರೂ ಹೋಗಿಬರಲು ಶುರುಮಾಡಿದರು. ಪ್ರತಿಯೊಬ್ಬರೂ ಹೊರಗೆ ಬಂದು ಒದ್ದೆ ಕೈ ಕೊಡವುತ್ತ, "ನನ್ನದು ಬರ್ಕೊಂಡ್ರಾ?" ಅಂದರು. ಅವನ ಕರಡಿನ ಮೇಲೆಲ್ಲ ಹನಿ ಬಿದ್ದು ಅಕ್ಷರ ಕಲಸಿಹೋಯಿತು. ಕೋಪದಲ್ಲಿ ಎರಡು ಸಲ ತಿರುಗಿ ಬರೆದ.

ಎದುರು ಪಕ್ಷದ ಮಾತು ಹೇಳಲು ಸ್ಟೋರಿನವನೇ ಬಂದ. ತನ್ನ ಮಗುವಿನ ಗುಣ ಹೇಳುವ ತಾಯಿಯ ಹಾಗೆ ಮೈಮರೆತು ಹೇಳಿದ. ನಕಲು ತೆಗೆಸಲು ಜನ ಬಿಸಿಲಲ್ಲಿ ಎರಡು ಬೀದಿ ದಾಟಿ ಹೋಗುತ್ತಾರೆ, ಅವರಲ್ಲಿ ಮುದುಕರು ಎಷ್ಟು, ಕಂಕುಳಲ್ಲಿ ಕೂಸಿರುವವರು ಎಷ್ಟು. ಗಾಳಿಯಿಲ್ಲದಿದ್ದರೆ ಮಿಷನ್ನು ವಾರದಲ್ಲಿ ಕೆಟ್ಟು ಕೂರುತ್ತದೆ. ಮೇಷ್ಟ್ರು ಅಷ್ಟನ್ನೂ ತಿದ್ದಿ ತೀಡಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸಿ, ಓದಿದರೆ ಗಂಟಲು ಕಟ್ಟುವ ಹಾಗೆ ಬರೆಸಿದರು. ಟೈಪಿಸ್ಟಮ್ಮ ಟೈಪ್ ಮಾಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಮಾಸ್ತನಿಗೆ ಮೈಯೆಲ್ಲ ಉರಿಯಿತು.

"ಈಗ ನಾಲ್ಕನೇ ಪ್ಯಾರಾ. ಚಿಂದಿ ಮಾಡ್ತೀನಿ ನೋಡಿ," ಅಂದ.

"ಹಾಳೆ ಮುಗೀತು ಸಾರ್," ಅಂದಳು ಟೈಪಿಸ್ಟಮ್ಮ. "ಮೇಡಂ ಒಂದು ಪುಟಕ್ಕಿಂತ ಹೆಚ್ಚು ಓದಲ್ಲ, ಇನ್ನು ಹತ್ತು ನಿಮಿಷಕ್ಕೆ ಮೀಟಿಂಗಿಗೆ ಹೊರಡ್ತಾರೆ. ಎರಡು ಸಾಲಿಗೆ ಜಾಗ ಇದೆ."

ಮೊದಲ ಸಾಲಿನಲ್ಲಿ 'ಆದರೂ ಇದು ಸರಿಯಲ್ಲ' ಅಂತ ಬಿತ್ತು. ಎರಡನೆಯದು ಸಹಿಗೆ.

ಮೇಡಂ ನಿಂತುಕೊಂಡೇ ಓದಿದರು. ನಡುವೆ ಒಂದು ಕಡೆ ಕುರ್ಚಿ ಎಳೆದು ಕೂತರು. ಓದಿ ಮುಗಿಸಿ ಕನ್ನಡಕ ತೆಗೆದರು.

"ಮಿಷನ್ನನ್ನ ಅಲ್ಲಿ ಇಟ್ಟಿದ್ದು ಸರೀನಾ ತಪ್ಪಾ ಅಂತ ನನಗೇ ಅನುಮಾನ ಇತ್ತು. ಇವತ್ತು ನಿಮ್ಮ ಮೇಜನ್ನೇ ಅಲ್ಲಿ ವಾಪಸ್ ಇಡಿಸೋಣ ಅಂದ್ಕೊಂಡಿದ್ದೆ. ನಿಮ್ಮ ಮೂರನೇ ಪ್ಯಾರಾ ಓದಿದ ಮೇಲೆ ಅನುಮಾನ ಹೋಯ್ತು. ಅದು ಅಲ್ಲೇ ಇರಲಿ."

"ಮೇಡಂ, ಅದು ನನ್ನ ವಾದ ಅಲ್ಲ."

"ದೊಡ್ಡ ಮನಸ್ಸು ನಿಮ್ಮದು. ಇಂಥವರು ಸಿಗಲ್ಲ. ಇವತ್ತಿನಿಂದ ತಿರಸ್ಕಾರವಾದ ಅರ್ಜಿಗಳಿಗೆಲ್ಲ ಉತ್ತರ ನೀವೇ ಬರೀಬೇಕು. ಮೊದಲು ಇದಕ್ಕೇ ಬರೀರಿ." ಅವನದೇ ಹಾಳೆಯನ್ನು ಅವನ ಕೈಗೆ ಕೊಟ್ಟು ಮೀಟಿಂಗಿಗೆ ಹೊರಟರು.

ಗುಮಾಸ್ತ ಶೌಚಾಲಯದ ಬಾಗಿಲಲ್ಲಿ ಕೂತು, ಮುಷ್ಟಿ ಬಿಗಿಹಿಡಿದು ಯೋಚಿಸಿದ. ತಟ್ಟನೆ ಬೆನ್ನು ನೆಟ್ಟಗಾಯಿತು. ಉತ್ತರ ಹೋಗುವುದು ಮೇಡಂ ಹೆಸರಿನಲ್ಲಿ ಅಂದಮೇಲೆ ಎದುರು ಪಕ್ಷ ಯಾರು? ತಾನೇ ಅಲ್ಲವೇ? ಎದುರು ಪಕ್ಷವನ್ನು ಎತ್ತಿ ನಿಲ್ಲಿಸಬೇಕು ತಾನೆ?

ಅವನು ಎರಡು ಗಂಟೆ ತಲೆ ಎತ್ತಲಿಲ್ಲ. ಮೂರನೆಯ ಪ್ಯಾರಾದಲ್ಲಿ ತನ್ನ ಹತ್ತೊಂಬತ್ತು ವರ್ಷದ ಬೆವರು, ಮೂಗು, ಮಾನ, ಇನ್ನೂರ ಹದಿನಾಲ್ಕು ಸಲ ಬಡಿದುಕೊಂಡ ಬಾಗಿಲು, ಎಲ್ಲವನ್ನೂ ತುಂಬಿದ. ಓದಿ ಮೇಷ್ಟ್ರೇ ಪೆನ್ನು ಮುಚ್ಚಿದರು. "ತಿದ್ದೋಕೆ ಏನೂ ಇಲ್ಲಪ್ಪ. ಇದನ್ನ ಓದಿದರೆ ಕಲ್ಲೂ ಕರಗತ್ತೆ." ಕೊನೆಗೆ, ಉತ್ತರವಾದ್ದರಿಂದ, ಆಜ್ಞೆಯಂತೆ ಒಂದೇ ಸಾಲು ಹಾಕಿದ: 'ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.'

ಮೇಡಂ ಐದಕ್ಕೆ ಬಂದರು. ಹಾಳೆಯನ್ನು ಮುಂದಿಟ್ಟು ಗುಮಾಸ್ತ ಅವರ ಮುಖವನ್ನೇ ನೋಡುತ್ತ ನಿಂತ. ಅವರು ಕೊನೆಯ ಸಾಲಿಗೆ ಬೆರಳಿಟ್ಟರು, ತಲೆಯಾಡಿಸಿದರು, ಅದರ ಕೆಳಗೆ ಸಹಿ ಹಾಕಿದರು.

"ಮೇಡಂ, ಓದಲಿಲ್ಲ?"

"ನಿಮ್ಮ ಬರವಣಿಗೆ ಮೇಲೆ ನಂಬಿಕೆ ಬಂದಾಯ್ತು. ಇನ್ನು ನಾನ್ಯಾಕೆ ಓದಲಿ?" ಎಂದು ಅವರು ಸೀಲು ಒತ್ತಿದರು. "ಒಂದು ನಕಲು ತೆಗೆದು ಅರ್ಜಿದಾರರಿಗೆ ತಲುಪಿಸಿಬಿಡಿ."

ಗುಮಾಸ್ತ ನಕಲು ತೆಗೆಯಲು ಮಿಷನ್ನಿನ ಹತ್ತಿರ ಹೋದ. ಕಿಟಕಿಯಿಂದ ತಣ್ಣಗೆ ಗಾಳಿ ಬರುತ್ತಿತ್ತು.