ಹಲ್ಲುಕಿರಿದ ವಿಮಾನ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬರೀ ಮೂವತ್ತು ಗ್ರಾಂ ತೂಕ.

ಹಲ್ಲಣ್ಣನ ವಿಮಾನಕ್ಕೆ ಮೂಗಿನಲ್ಲಿ ಅಷ್ಟು ಭಾರ ಸಾಲದಾಗಿತ್ತು. ಫೋಮಿನ ಮೈ, ಎರಡು ಮೊಳದ ರೆಕ್ಕೆ, ಬ್ಯಾಟರಿಯಿಂದ ತಿರುಗುವ ಮೋಟಾರು, ಕೈಯಲ್ಲೊಂದು ರಿಮೋಟು. ಅಂಗಡಿಯಿಂದ ತಂದ ಹೊಸತರಲ್ಲಿ ಅದು ಸಾಧು ಹಸುವಿನ ಹಾಗೆ ಹೇಳಿದ ಕಡೆ ಹೋಗಿ ಬರುತ್ತಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ. ಹಲ್ಲಣ್ಣನೂ ರೆಕ್ಕೆಯ ಹಿಂದಿದ್ದ ಪುಟ್ಟ ಮೋಟಾರು ಕಿತ್ತು, ಅದರ ಅಪ್ಪನಂಥ ಇನ್ನೊಂದನ್ನು ಕೂರಿಸಿದ. ಹಿಂಬದಿ ಭಾರವಾಯಿತು. ಎಸೆದರೆ ವಿಮಾನ ಆಕಾಶಕ್ಕೆ ಮೂಗೆತ್ತಿ, ಬೆನ್ನಮೇಲೆ ಬೀಳತೊಡಗಿತು.

ಹಲ್ಲಣ್ಣ ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವವನು. ಅವನಿಗೆ ಬೇರೊಂದು ಹೆಸರಿತ್ತು, ಯಾರಿಗೂ ನೆನಪಿರಲಿಲ್ಲ. ಭಾನುವಾರ ಬೆಳಿಗ್ಗೆ ಮೂಗಿಗೆ ಕಟ್ಟಲು ಏನಾದರೂ ಸಿಕ್ಕೀತೇ ಎಂದು ಕ್ಲಿನಿಕ್ಕಿಗೆ ಹೋಗಿ ತನ್ನ ಮೇಜಿನ ಡ್ರಾಯರ್ ಎಳೆದ. ಒಳಗಿನಿಂದ ಒಂದು ಸೆಟ್ಟು ಅವನನ್ನು ನೋಡಿ ನಕ್ಕಿತು.

ಅದು ಬ್ಯಾಂಡ್ ಮಾಸ್ತರರದು. ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿಡಲೇಬೇಕೆಂದು ಹಟ ಹಿಡಿದು ಮಾಡಿಸಿದ್ದರು. "ಆ ಸಂದಿಲ್ದೆ ನಂಗೆ ಸಿಳ್ಳೆ ಬರಲ್ಲ ಕಣಯ್ಯ. ಸಿಳ್ಳೆ ಇಲ್ದೆ ನಮ್ಮ ಹುಡುಗ್ರು ಹೆಜ್ಜೆ ಹಾಕಲ್ಲ" ಎಂದಿದ್ದರು. ಸೆಟ್ಟು ಸಿದ್ಧವಾದ ಸಾಯಂಕಾಲ ಹಲ್ಲಣ್ಣ, ನಾಳೆ ಕೊಟ್ಟರಾಯಿತು ಅಂತ ವಿಮಾನ ಎತ್ತಿಕೊಂಡು ಮೈದಾನಕ್ಕೆ ಓಡಿದ್ದ. ನಾಳೆ ಬರುವಷ್ಟರಲ್ಲಿ ಮಾಸ್ತರರು ಬೊಚ್ಚುಬಾಯಲ್ಲೇ ತೀರಿಹೋಗಿದ್ದರು. ಆಮೇಲೆ ಕೇಳಲು ಬಂದ ಅವರ ಹೆಂಡತಿಗೆ, "ಸೆಟ್ಟು ಇನ್ನೂ ಆಗಿರ್ಲಿಲ್ಲಮ್ಮಾ" ಎಂದುಬಿಟ್ಟಿದ್ದ. ಆ ಸುಳ್ಳು ಎಂಟು ತಿಂಗಳಿಂದ ಡ್ರಾಯರಿನಲ್ಲಿ ಹಲ್ಲು ಕಿರಿಯುತ್ತ ಕೂತಿತ್ತು.

ತಕ್ಕಡಿಗೆ ಹಾಕಿದ. ಸರಿಯಾಗಿ ಮೂವತ್ತು ಗ್ರಾಂ. ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಗುಲಾಬಿ ಬಣ್ಣದ ಮೇಣ ಕರಗಿಸಿ, ಮೇಲಿನ ಸಾಲು ಕೆಳಗಿನ ಸಾಲು ಎರಡನ್ನೂ ವಿಮಾನದ ಮೂಗಿಗೆ ಅಂಟಿಸಿದ. ವಿಮಾನಕ್ಕೊಂದು ಬಾಯಿ ಬಂತು.

ಮೈದಾನದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಒಂದು ನಾಯಿ ಮಲಗಿತ್ತು. ಅದು ವಿಮಾನದ ಮುಖ ನೋಡಿ, ಬೊಗಳುವುದನ್ನೂ ಮರೆತು, ಬಾಲ ಮುದುರಿ ಹೊರಟುಹೋಯಿತು. ಹಲ್ಲಣ್ಣ ಮೋಟಾರು ಹಾಕಿ ವಿಮಾನ ಎಸೆದ. ಬೆಣ್ಣೆಯಲ್ಲಿ ಕೂದಲು ಎಳೆದಂತೆ ಮೇಲೇರಿತು.

ವೇಗ ಹೆಚ್ಚಾದದ್ದೇ ತಡ, ಸಿಳ್ಳೆ ಶುರುವಾಯಿತು.

ಗಾಳಿ ಆ ಸಂದಿನೊಳಗೆ ನುಗ್ಗಿ ಉದ್ದಕ್ಕೆ ಕೂಗುತ್ತಿತ್ತು. ಒಂದು ಉದ್ದ, ಎರಡು ಗಿಡ್ಡ. ಮಾಸ್ತರರು ಬ್ಯಾಂಡಿನವರನ್ನು ಸಾಲಾಗಿ ನಿಲ್ಲಿಸುತ್ತಿದ್ದದ್ದು ಹೀಗೇ. ಹಲ್ಲಣ್ಣನಿಗೆ ಗೊತ್ತಿಲ್ಲದೆ ಅವನ ಹಿಮ್ಮಡಿಗಳು ಕೂಡಿಕೊಂಡವು.

ಎಡಕ್ಕೆ ತಿರುಗಿಸಿದ. ವಿಮಾನ ಬಲಕ್ಕೆ ಹೋಯಿತು. ಕೆಳಗಿಳಿಸಿದರೆ ಮೇಲೆ ಹೋಯಿತು. ಗಾಳಿಯೋ, ಹೊಸ ಮೋಟಾರಿನ ಸೊಕ್ಕೋ, ಅದು ಮಂಜನ್ನು ಸೀಳಿಕೊಂಡು, ಸಿಳ್ಳೆ ಹಾಕುತ್ತ, ರಸ್ತೆಯಾಚೆಯ ಹಳದಿ ಕಟ್ಟಡದತ್ತ ನಡೆಯಿತು. ಮೂರನೇ ಮಹಡಿಯ ಬಾಲ್ಕನಿಯ ಬಾಗಿಲು ತೆರೆದಿತ್ತು. ವಿಮಾನ ನೇರ ಒಳಗೆ ಹೋಯಿತು. ದುಡಿದು ಮನೆಗೆ ಬರುವವರು ಹೋಗುವ ಹಾಗೆ.

ಆ ಬಾಲ್ಕನಿ ಮಾಸ್ತರರದು.

ರಿಮೋಟನ್ನು ಕೈಚೀಲಕ್ಕೆ ತುರುಕಿ, ಮೆಟ್ಟಿಲು ಹತ್ತಿ ಮೇಲೆ ಹೋದ. ಬಾಗಿಲು ತೆರೆದೇ ಇತ್ತು. ನಡುಮನೆಯ ತುಂಬ ಹಗ್ಗ ಬಿಗಿದ ಪೆಟ್ಟಿಗೆಗಳು, ಸುತ್ತಿಟ್ಟ ಹಾಸಿಗೆ. ಅಕ್ಕಪಕ್ಕದ ಮನೆಯವರೆಲ್ಲ ನಿಂತಿದ್ದರು. ಬಾಲ್ಕನಿಯ ಪಕ್ಕದ ಆರಾಮಕುರ್ಚಿಯಲ್ಲಿ, ರೆಕ್ಕೆಗಳನ್ನು ಎರಡೂ ತೋಳಿನ ಮೇಲೆ ಚಾಚಿ, ವಿಮಾನ ಕೂತಿತ್ತು. ಎಲ್ಲರನ್ನೂ ನೋಡಿ ನಗುತ್ತಿತ್ತು. ಎದುರಿಗೆ ಸ್ಟೂಲಿನ ಮೇಲೆ ಮಾಸ್ತರರ ಹೆಂಡತಿ.

"ನಮ್ಮಣ್ಣಂದೇ ನಗು!" ಎಂದರು ಪೆಟ್ಟಿಗೆಯ ಮೇಲೆ ಕುಸಿದು ಕೂತಿದ್ದ ಮಾಸ್ತರರ ತಂಗಿ. ಅತ್ತಿಗೆಯನ್ನು ತನ್ನ ಮನೆಗೆ ಕರೆದೊಯ್ಯಲು ಬಂದವರು. ಸಾಮಾನಿನ ಲಾರಿ ಕೆಳಗೆ ಕಾಯುತ್ತಿತ್ತು.

"ಸಿಳ್ಳೆ ನಾನೇ ಕೇಳಿದೆ. ನನ್ನ ಕಿವಿ ಸುಳ್ಳು ಹೇಳಲ್ಲ" ಎಂದ ಎದುರುಮನೆಯ ಹೆಡ್ ಕ್ಲರ್ಕು. ನಿವೃತ್ತನಾದ ಮೇಲೆ ಅವನಿಗೆ ಇಡೀ ಕಟ್ಟಡವೇ ಕಚೇರಿ.

ವಿಮಾನ ನನ್ನದು ಎನ್ನಲು ಹಲ್ಲಣ್ಣ ಬಾಯಿ ತೆರೆದ. ಹಾಗಾದರೆ ಹಲ್ಲು ಯಾರದು ಎಂದು ಕೇಳುತ್ತಾರೆ. ಸುದ್ದಿ ಡಾಕ್ಟರಿಗೆ ಮುಟ್ಟುತ್ತದೆ. ಸತ್ತವರ ಹಲ್ಲು ಹಾರಿಸಿದವನಿಗೆ ಯಾವ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕೀತು? ಬಾಯಿ ಮುಚ್ಚಿಕೊಂಡು ಬಾಗಿಲ ಪಕ್ಕ ನಿಂತ.

ಮಾಸ್ತರರ ಹೆಂಡತಿ ಮುಂದೆ ಬಾಗಿದರು. "ರೀ, ನೀವೇನಾ?"

ರಿಮೋಟು ಆರಿಸಲೆಂದು ಹಲ್ಲಣ್ಣ ಚೀಲದೊಳಗೆ ಕೈ ಹಾಕಿದ್ದ. ಬೆರಳು ತಪ್ಪಿ ವಿಮಾನ ತಿರುಗಿಸುವ ಕಡ್ಡಿಗೆ ತಗುಲಿತು. ವಿಮಾನದ ಬಾಲದ ಅಡ್ಡಪಟ್ಟಿ ಮೆಲ್ಲಗೆ ಮೇಲೆದ್ದು, ಕೆಳಗಿಳಿಯಿತು.

ಹೌದು.

ಎಲ್ಲೋ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು.

"ಪರೀಕ್ಷೆ ಮಾಡ್ದೆ ನಂಬಬಾರ್ದು" ಎಂದ ಹೆಡ್ ಕ್ಲರ್ಕು. ಧ್ವನಿ ಮಾತ್ರ ನಡುಗುತ್ತಿತ್ತು. "ಮಾಸ್ತರ್ರೇ, ನಮ್ಮನೆ ಏಣಿ ತಗೊಂಡು ಹೋದ್ರಲ್ಲ, ವಾಪಸ್ ಕೊಟ್ರಾ?"

ಹಲ್ಲಣ್ಣನ ಬೆವರುಗೈ ಜಾರಿತು. ಬಾಲದ ಚುಕ್ಕಾಣಿ ಎಡಕ್ಕೆ, ಬಲಕ್ಕೆ ಆಡಿತು.

"ನೋಡಿದ್ರಾ? ನೋಡಿದ್ರಾ?" ಹೆಡ್ ಕ್ಲರ್ಕು ಭಯ ಮರೆತು ಕುಣಿದ. "ಹತ್ತು ವರ್ಷದಿಂದ ಬಡ್ಕೊಂಡೆ, ಕೊಟ್ಟಿಲ್ಲ ಅಂತ! ಸತ್ಮೇಲಾದ್ರೂ ಒಪ್ಕೊಂಡ್ರು!"

ಆ ಕೂಗಿಗೆ ಬೆಚ್ಚಿದ ಹಲ್ಲಣ್ಣನ ಹೆಬ್ಬೆರಳು ಇನ್ನೊಂದು ಕಡ್ಡಿಯ ಮೇಲೆ ಬಿತ್ತು. ದೊಡ್ಡ ಮೋಟಾರು ಒಮ್ಮೆ ಗರ್ಜಿಸಿತು. ಪರದೆ ಹೊಡೆದುಕೊಂಡಿತು. ತಂಗಿ ಬರೆದಿಟ್ಟುಕೊಂಡಿದ್ದ ಸಾಮಾನಿನ ಪಟ್ಟಿ ಹಾರಿ ಬಾಲ್ಕನಿಯಾಚೆ ಹೋಯಿತು. "ಅಣ್ಣಂಗೆ ಕೋಪ ಬಂದಿದೆ" ಎಂದು ಆಕೆ ಕಾಲು ಮೇಲಕ್ಕೆಳೆದುಕೊಂಡರು.

ಮಾಸ್ತರರ ಹೆಂಡತಿ ಕದಲಲಿಲ್ಲ. "ಕೋಪ ಮಾಡ್ಕೋಬೇಡಿ. ನಿಮ್ಮ ತಂಗಿ ನನ್ನ ಕರ್ಕೊಂಡು ಹೋಗಕ್ಕೆ ಬಂದಿದಾರೆ. ಮನೆ ಖಾಲಿ ಮಾಡಿ ಅಂತಾರೆ. ನಾನು ಹೋಗ್ಲಾ?"

ಹಲ್ಲಣ್ಣನ ತಲೆ ಮೊದಲ ಸಲ ಓಡಿತು. ಇವರು ಹೋದರೆ ಗಂಡನನ್ನೂ ಪೆಟ್ಟಿಗೆಗೆ ಹಾಕಿಕೊಂಡೇ ಹೋಗುತ್ತಾರೆ, ಆಮೇಲೆ ವಿಮಾನದ ಮುಖ ನೋಡಿದ ಹಾಗೇ. ಇಲ್ಲೇ ಇದ್ದರೆ ಒಂದಲ್ಲ ಒಂದು ದಿನ ಎತ್ತಿಕೊಂಡು ಹೋಗಬಹುದು. ಕಡ್ಡಿಯನ್ನು ಎಡಬಲಕ್ಕೆ ಗಟ್ಟಿಯಾಗಿ ಆಡಿಸಿದ.

ಬೇಡ.

"ಇನ್ನೊಂದ್ಸಲ ಕೇಳಿ ಅತ್ತಿಗೆ, ಸರಿಯಾಗಿ ಕೇಳಿಸಿರಲ್ಲ. ಬದುಕಿದ್ದಾಗ್ಲೂ ಅಣ್ಣನ ಕಿವಿ ಅಷ್ಟಕ್ಕಷ್ಟೇ."

ಇನ್ನೊಂದು ಸಲವೂ ಬೇಡ.

ತಂಗಿ ಎದ್ದು ಸೆರಗು ಕೊಡವಿಕೊಂಡರು. "ಆಗ್ಲೂ ಹೆಂಡ್ತಿ ಪರ, ಈಗ್ಲೂ ಹೆಂಡ್ತಿ ಪರ!" ಎಂದು ಕಣ್ಣೊರೆಸಿಕೊಳ್ಳುತ್ತ ಇಳಿದುಹೋದರು. ಸ್ವಲ್ಪ ಹೊತ್ತಿಗೆ ಖಾಲಿ ಲಾರಿ ಹೊರಟ ಸದ್ದು ಕೇಳಿಸಿತು.

ಹೆಡ್ ಕ್ಲರ್ಕನ ಕಣ್ಣು ಈಗ ಹಲ್ಲಣ್ಣನ ಮೇಲೆ ಬಿತ್ತು. "ಅದೇನ್ರೀ, ಆಗ್ಲಿಂದ ಚೀಲದೊಳಗೆ ಕೈ?"

"ಕ... ಕರ್ಚೀಫು" ಎಂದು ಹಲ್ಲಣ್ಣ ಒಂದು ಕ್ಷಣ ತಡಕಾಡಿ, ಕರ್ಚೀಫು ತೆಗೆದು ಮುಖ ಒರೆಸಿಕೊಂಡ.

"ಕೊನೇದಾಗಿ ಒಂದು ಮಾತು" ಎಂದರು ಮಾಸ್ತರರ ಹೆಂಡತಿ, ಕುರ್ಚಿಯತ್ತಲೇ ನೋಡುತ್ತ. "ನಾನೊಬ್ಬಳೇ ಇರ್ಬೇಕಲ್ಲ. ಈ ಹಲ್ಲಣ್ಣ ಭಾನುವಾರ ಭಾನುವಾರ ಬೆಳಿಗ್ಗೆ ಬಂದು, ಸಂಜೆತನಕ ಇದ್ದು, ಕೈಲಾದ ಕೆಲಸ ಮಾಡ್ಕೊಟ್ಟು ಹೋಗ್ಲಾ?"

ಅಡ್ಡಪಟ್ಟಿ ಮೇಲೆ ಕೆಳಗೆ, ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿತು. ಮೂರು ಸಲ.

"ಆಯ್ತಲ್ಲಪ್ಪ, ಅಪ್ಪಣೆ ಆಯ್ತು" ಎಂದ ಹೆಡ್ ಕ್ಲರ್ಕು. ಬಾಗಿಲು ದಾಟುವಾಗ, "ಅಕ್ಕಾ, ಏಣಿ ಎಲ್ಲಿದೆ ಅಂತ ನಾಳೆ ಬಂದು ಕೇಳ್ತೀನಿ" ಎಂದು ಹೇಳಿ ಹೋದ. ಉಳಿದವರೂ ಹಿಂದೆಹಿಂದೆಯೇ ಜಾರಿಕೊಂಡರು.

ಹಲ್ಲಣ್ಣ ಗೋಡೆಗೆ ಅಂಟಿದ ಹಲ್ಲಿಯಂತೆ ನಿಂತೇ ಇದ್ದ. ಮಾಸ್ತರರ ಹೆಂಡತಿ ಬಾಗಿಲು ಮುಂದೆ ಮಾಡಿ ಬಂದು, ಅವನಿಗೆ ಒಂದು ಲೋಟ ನೀರು ಕೊಟ್ಟರು. ಅವರ ಮುಖದಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ.

"ಕೈ ನೋವು ಬಂತೇನಪ್ಪ?"

"ಅಮ್ಮಾ?"

"ನೀನು ಮೈದಾನದಲ್ಲಿ ಇದನ್ನ ಹಾರಿಸೋದು ವರ್ಷದಿಂದ ನೋಡ್ತಿದೀನಿ. ಈ ಬಾಲ್ಕನಿಯಿಂದ ಎಲ್ಲ ಕಾಣುತ್ತೆ. ನಿನ್ನ ಭುಜ ಆಡಿದಾಗೆಲ್ಲ ಇದರ ಬಾಲ ಆಡೋದು ನಂಗೆ ಗೊತ್ತಾಗಲ್ವಾ?" ಸಣ್ಣಗೆ ನಕ್ಕರು. "ನಾದಿನಿ ಮನೇಲಿ ಒಂದು ಮೂಲೆ ಹಿಡ್ಕೊಂಡು ಬಿದ್ದಿರೋದು ನಂಗೆ ಬೇಕಿರ್ಲಿಲ್ಲ. ನಾನು ಹೇಳಿದ್ರೆ ಯಾರೂ ಕೇಳ್ತಿರ್ಲಿಲ್ಲ. ನಿನ್ನಿಂದ ಮನೆ ಉಳೀತು."

ಹಲ್ಲಣ್ಣನಿಗೆ ಹೋದ ಜೀವ ಬಂದಂತಾಯಿತು. ಕಾಲಿಗೆ ಬೀಳುವುದೊಂದು ಬಾಕಿ. "ತಪ್ಪಾಯ್ತಮ್ಮಾ. ಹಲ್ಲು ಆವತ್ತೇ ಆಗಿತ್ತು. ನಾನೇ ಸುಳ್ಳು ಹೇಳಿದೆ."

"ಗೊತ್ತು ಬಿಡು. ಅಷ್ಟು ನೊಂದ್ಕೊಂಡಿದೀಯ ಅಂತ್ಲೇ ತಾನೆ ಕೊನೇ ಮಾತಿಗೆ ಹೂಂ ಅಂದಿದ್ದು? ಆ ಪ್ರಶ್ನೆ ನಾನು ತಮಾಷೆಗೆ ಕೇಳ್ದೆ. ನೀನು ಬೇಡ ಅಂತೀಯ ಅಂದ್ಕೊಂಡಿದ್ದೆ. ನೀನು ನೋಡಿದ್ರೆ ಒಂದಲ್ಲ, ಮೂರು ಸಲ ಒಪ್ಕೊಂಡೆ."

ಹಲ್ಲಣ್ಣ ಲೋಟ ಕೆಳಗಿಟ್ಟ. ನಿಧಾನವಾಗಿ ಚೀಲದಿಂದ ರಿಮೋಟು ತೆಗೆದು ಅವರ ಮುಂದೆ ಹಿಡಿದ. ಗುಂಡಿ ಕೆಳಗಿತ್ತು. ದೀಪ ಆರಿತ್ತು.

"ಕರ್ಚೀಫು ತೆಗೆಯುವಾಗ್ಲೇ ಆಫ್ ಮಾಡ್ದೆ ಅಮ್ಮಾ. ಆಮೇಲೆ ಆಡಿಸಿದ್ದು ನಾನಲ್ಲ."

ಮಾಸ್ತರರ ಹೆಂಡತಿಯ ಮುಖದ ನಗು ಮೆಲ್ಲಗೆ ಇಳಿಯಿತು. ಇಬ್ಬರೂ ಕುರ್ಚಿಯತ್ತ ತಿರುಗಲಿಲ್ಲ. ಬಾಲ್ಕನಿಯ ಪರದೆ ಕೂಡ ಅಲ್ಲಾಡುತ್ತಿರಲಿಲ್ಲ. ಅವರು ಸೆರಗನ್ನು ಭುಜದ ತುಂಬ ಹೊದ್ದುಕೊಂಡರು.

"ಹಾಗಾದ್ರೆ ಮುಂದಿನ ಭಾನುವಾರ ತಪ್ಪಿಸ್ಬೇಡಪ್ಪ" ಎಂದರು ಪಿಸುಮಾತಿನಲ್ಲಿ. "ಹೇಳಿರೋದು ನಾನೂ ಅಲ್ಲ, ನೀನೂ ಅಲ್ಲ."