ನಲವತ್ತಾರು ಬಾಗಿಲಿನ ಮನೆ

ಓಣಿಯ ಕೊನೆಯ ಮನೆಯ ಗೇಟಿಗೆ ಒಳ್ಳೆಯ ಶಾರೀರವಿತ್ತು. ತೆರೆದರೆ ‘ಕಿರ್ರ್’ ಎಂದು ಉದ್ದಕ್ಕೆ ರಾಗ ಎಳೆಯುತ್ತಿತ್ತು. ಮುಚ್ಚಿದರೆ ‘ಟಣ್’ ಎಂದು ತನಗೆ ತಾನೇ ತಾಳ ಹಾಕಿಕೊಳ್ಳುತ್ತಿತ್ತು. ದಿನಕ್ಕೆ ನಾಲ್ಕು ಸಲ ಅದು ಹಾಡುವುದು ಓಣಿಗೆಲ್ಲ ಗೊತ್ತು. ಹಾಲು ಬಂದಾಗ, ಪೇಪರು ಬಂದಾಗ, ಮನೆಯ ಯಜಮಾನ ಆಫೀಸಿಗೆ ಹೊರಟಾಗ, ಮರಳಿ ಬಂದಾಗ. ಆ ದಿನ ಅವನು ರಜೆ ಹಾಕಿದ್ದ. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಗೇಟು ಮೂರನೆಯ ಸಲ ರಾಗ ಎಳೆಯಿತು. ಆಗ ಅವನು ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತ ಹೆಂಡತಿಗೆ ಭಾಷಣ ಮಾಡುತ್ತಿದ್ದ.

“ಇವತ್ತಿನಿಂದ ಈ ಮನೆಯವರು ಯಾರೂ ಯಾರ ಹತ್ತಿರವೂ ದಾರಿ ಕೇಳೋ ಹಾಗಿಲ್ಲ. ಕೇಳಿದರೆ ಅದು ನನಗೆ ಮಾಡಿದ ಅವಮಾನ.”

“ಬಾತ್‌ರೂಮಿಗೆ ಹೋಗೋ ದಾರಿಯನ್ನಾದರೂ ನಾವೇ ನೋಡ್ಕೋಬಹುದಾ?” ಎಂದಳು ಹೆಂಡತಿ, ಇಸ್ತ್ರಿಯಿಂದ ಕಣ್ಣೆತ್ತದೆ.

ಅವನ ಹೆಮ್ಮೆಗೆ ಕಾರಣವಿತ್ತು. ಅವನು ಕೆಲಸ ಮಾಡುವುದು ಫೋನ್ ತಯಾರಿಸುವ ಕಂಪನಿಯೊಂದರ ಮ್ಯಾಪ್ ವಿಭಾಗದಲ್ಲಿ. ಇಷ್ಟು ವರ್ಷ ಆ ಕಂಪನಿಯ ಫೋನುಗಳಲ್ಲಿ ದಾರಿ ತೋರಿಸುತ್ತಿದ್ದದ್ದು ಎದುರಾಳಿ ಕಂಪನಿಯ ಮ್ಯಾಪು. ನಮ್ಮ ಮನೆಯಲ್ಲಿ ಪಕ್ಕದ ಮನೆಯವರ ಯಜಮಾನಿಕೆ ಏಕೆ ಎಂದು ಕಂಪನಿಗೆ ಕೊನೆಗೂ ರೋಷ ಬಂದಿತ್ತು. ನಿನ್ನೆ ಸಂಜೆ ಎಲ್ಲ ಫೋನುಗಳಿಂದ ಎದುರಾಳಿಯ ಮ್ಯಾಪನ್ನು ಕಿತ್ತು, ಆ ಜಾಗದಲ್ಲಿ ತನ್ನದನ್ನು ಕೂರಿಸಿತ್ತು.

“ಒಂದು ಸಾಮ್ರಾಜ್ಯ ಹೋಯ್ತು, ಇನ್ನೊಂದು ಬಂತು,” ಎಂದು ಅವನು ಬಾಚಣಿಗೆ ಎತ್ತಿ ಹಿಡಿದ. “ಆ ಸಾಮ್ರಾಜ್ಯದಲ್ಲಿ ನಮ್ಮೂರ ಹಳೇ ಪೇಟೆ ಅಷ್ಟೂ ನನ್ನ ಕೈಯಿಂದ ಆದದ್ದು. ನಲವತ್ತಾರು ಜಾಗ, ಒಂದೇ ಮಧ್ಯಾಹ್ನದಲ್ಲಿ.” ಕನ್ನಡಿಯ ಪಕ್ಕದಲ್ಲೇ ಅದಕ್ಕೆ ಸಾಕ್ಷಿಯಾಗಿ ಒಂದು ಫಲಕ ತೂಗುತ್ತಿತ್ತು: ‘ಅತಿ ವೇಗದ ಪರಿಶೀಲಕ’.

“ಹೊರಗೆ ಯಾರೋ ನಿಂತಿದ್ದಾರೆ, ಅತಿ ವೇಗವಾಗಿ ಹೋಗಿ ನೋಡಿ,” ಎಂದಳು ಅವಳು.

ಗೇಟಿನ ಹತ್ತಿರ ಒಬ್ಬಾತ ಊದಿದ ಕೆನ್ನೆಯನ್ನು ಅಂಗೈಯಲ್ಲಿ ಹೊತ್ತು ನಿಂತಿದ್ದ. “ದಾಕ್ತರ್ ಇದಾರಾ? ಹಲ್ಲು,” ಎಂದ.

“ಹಲ್ಲಿನ ಡಾಕ್ಟರು ಗಡಿಯಾರದ ಕಂಬದ ಹತ್ತಿರ, ಮಹಡಿ ಮೇಲೆ. ನೀವು ಹೊಸ ಮ್ಯಾಪು ನೋಡ್ಕೊಂಡು ಬರಬೇಕಿತ್ತು.”

ಆತ ಮಾತಾಡಲಾರದೆ ತನ್ನ ಫೋನನ್ನೇ ಮುಂದೆ ಹಿಡಿದ. ಯಜಮಾನ ಅದನ್ನು ನೋಡುವ ಗೋಜಿಗೆ ಹೋಗಲಿಲ್ಲ. ನೋಯುವ ಹಲ್ಲಿನವರಿಗೆ ಫೋನ್ ನೆಟ್ಟಗೆ ಹಿಡಿಯಲು ಬರುವುದಿಲ್ಲ ಎಂದು ಕನಿಕರಪಟ್ಟು, ವರಾಂಡದಲ್ಲಿ ಕೂರಿಸಿ ನೀರು ಕೊಟ್ಟು, ಒಳಗೆ ಬಂದ.

ಒಳಗೆ ಅತ್ತೆ ಸಿದ್ಧರಾಗಿದ್ದರು. ಹೆಂಡತಿಯ ತಾಯಿ, ಊರಿಗೆಲ್ಲ ‘ಅಂಚೆಯಮ್ಮ’. ಮೂವತ್ತೊಂದು ವರ್ಷ ಇದೇ ಪೇಟೆಯಲ್ಲಿ ಮನೆ ಮನೆಗೆ ಕಾಗದ ಹಂಚಿ ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೊರಟವರಲ್ಲ. ಊರಾಚೆ ಹೊಸ ಅಂಚೆ ಕಚೇರಿ ಎದ್ದಿತ್ತು. ಅದರ ಬಾಗಿಲಿನ ರಿಬ್ಬನ್ ಕತ್ತರಿಸಬೇಕಾದವರು ಅವರೇ, ಅಂದು ಬೆಳಿಗ್ಗೆ ಸರಿಯಾಗಿ ಹನ್ನೊಂದಕ್ಕೆ. ಮಗಳು ಇಸ್ತ್ರಿ ಮಾಡಿ ಕೊಟ್ಟ ಸೀರೆಯ ಮೇಲೆ ಅವರು ತಮ್ಮ ಹಳೆಯ ಖಾಕಿ ಚೀಲವನ್ನು ತಗುಲಿಸಿಕೊಂಡಿದ್ದರು.

“ನಾನು ನಡೆದೇ ಹೋಗ್ತೀನಿ ಅಳಿಯಂದಿರೇ. ಮುಕ್ಕಾಲು ಗಂಟೆ ದಾರಿ.”

“ಅತ್ತೆ, ಇವತ್ತು ನಿಮ್ಮನ್ನು ಕಾರಿನಲ್ಲಿ, ನಮ್ಮದೇ ಮ್ಯಾಪು ನೋಡ್ಕೊಂಡು ಕರ್ಕೊಂಡು ಹೋಗ್ತೀನಿ ಅಂತ ಆಫೀಸಿಗೆಲ್ಲ ಹೇಳಿಬಿಟ್ಟಿದ್ದೀನಿ.”

“ದಾರಿ ನನಗೆ ಗೊತ್ತಲ್ಲ.”

“ನಿಮಗೆ ಗೊತ್ತಿರೋದು ನೆಲದಿಂದ. ಇದು ಮೇಲಿಂದ ನೋಡಿ ಹೇಳುತ್ತೆ.”

ಅತ್ತೆ ಮೇಲೆ ನೋಡಿದರು. ಫ್ಯಾನು ತಿರುಗುತ್ತಿತ್ತು.

ಒಂಬತ್ತೂವರೆಗೆ ಅವನು ಫೋನನ್ನು ಎತ್ತಿ ಹಿಡಿದು ‘ಹೊಸ ಅಂಚೆ ಕಚೇರಿ’ ಎಂದು ಒತ್ತಿದ. ಫೋನಿನೊಳಗಿನ ಹೆಣ್ಣು ದನಿ ಒಂದು ಕ್ಷಣವೂ ತಡ ಮಾಡಲಿಲ್ಲ: “ನೀವು ತಲುಪಿದ್ದೀರಿ.”

“ನೋಡಿದ್ರಾ ವೇಗ?” ಎಂದ ಅವನು, ಸ್ವಲ್ಪ ತಡವರಿಸಿ.

“ನಾನಿನ್ನೂ ಚಪ್ಪಲಿ ಹಾಕಿಲ್ಲ,” ಎಂದರು ಅತ್ತೆ.

“ಅದು ಗಂಟಲು ಸರಿ ಮಾಡ್ಕೊಳ್ತಿದೆ. ಮೊದಲ ದಿನ ಅಲ್ವಾ.”

ಕಾರು ಓಣಿ ದಾಟಿತು. ದನಿ ಎಚ್ಚೆತ್ತು, “ಬಲಕ್ಕೆ ತಿರುಗಿ,” ಎಂದಿತು. “ಎಡಕ್ಕೆ,” ಎಂದರು ಅತ್ತೆ. ಅವನು ಬಲಕ್ಕೆ ತಿರುಗಿಸಿದ. ಮತ್ತೆ ಬಲಕ್ಕೆ ಎಂದಿತು, ತಿರುಗಿಸಿದ. “ಇದು ಹಿಟ್ಟಿನ ಗಿರಣಿಯ ಬೀದಿ, ಮುಂದೆ ಒಂದೇ ಕಡೆ ಸಂಚಾರ, ಸುತ್ತಿ ಬರಬೇಕಾಗುತ್ತೆ,” ಎಂದರು ಅತ್ತೆ. ಸುತ್ತಿ ಬಂದರು. ಗಿರಣಿ, ಮರದ ಅಡ್ಡೆ, ಶಾಲೆಯ ಕಾಂಪೌಂಡು, ಮತ್ತೆ ಮರದ ಅಡ್ಡೆ. ಹಿಂದಿನ ಸೀಟಿನಲ್ಲಿ ಹೆಂಡತಿ ಕಿಟಕಿಯಾಚೆ ನೋಡುತ್ತ, “ನಮ್ಮೂರು ಇಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರಲಿಲ್ಲ,” ಎಂದಳು. ನಲವತ್ತು ನಿಮಿಷದ ಮೇಲೆ ಕಾರು ಒಂದು ಓಣಿ ಹೊಕ್ಕು, ಕೊನೆಯ ಮನೆಯ ಮುಂದೆ ನಿಂತಿತು. ದನಿ ಗೆಲುವಿನಿಂದ ಸಾರಿತು: “ನೀವು ತಲುಪಿದ್ದೀರಿ.”

ಅವರ ಮನೆಯೇ. ಆದರೆ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಗೇಟು ತೆರೆದೇ ಇತ್ತು. ಹಾಡಲು ಅದಕ್ಕೆ ಬಿಡುವೇ ಸಿಕ್ಕಿರಲಿಲ್ಲ. ವರಾಂಡದ ಮೆಟ್ಟಿಲ ಮೇಲೆ ಮೂವರು ಗಂಡಸರು ಕ್ಷೌರಕ್ಕೆ ಸರದಿ ಕಾಯುತ್ತ, ಅವನದೇ ಪೇಪರನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುತ್ತಿದ್ದರು. ಇಬ್ಬರು ಒಂದು ಬೀರುವನ್ನು ಹೆಗಲ ಮೇಲೆ ಹೊತ್ತು, ಪಾಲಿಶ್ ಅಂಗಡಿ ಎಲ್ಲಿ ಎಂದು ಹೂಕುಂಡಗಳ ನಡುವೆ ಸುತ್ತು ಹಾಕುತ್ತಿದ್ದರು. ಚುಚ್ಚುಮದ್ದಿಗೆ ಬಂದ ನಾಯಿಯೊಂದು, ಬಂದದ್ದು ಯಾಕೆಂದು ತಿಳಿದಂತೆ, ತನ್ನ ಒಡತಿಯ ಹಿಂದೆ ಅಡಗಿತ್ತು. ಕೆನ್ನೆ ಊದಿದಾತ ಇನ್ನೂ ಅಲ್ಲೇ ಇದ್ದ, ಕೈಯಲ್ಲಿ ಖಾಲಿ ಲೋಟ ಹಿಡಿದು. ಎಲ್ಲರ ನಡುವೆ, ಬೇರೆ ಊರಿನಿಂದ ಬಂದ ಅಂಚೆ ಇಲಾಖೆಯ ದೊಡ್ಡ ಅಧಿಕಾರಿ, ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಕೆಂಪು ರಿಬ್ಬನ್ ಹಿಡಿದು ಗೇಟಿನ ಎರಡು ಕಂಬಗಳ ಅಳತೆ ನೋಡುತ್ತಿದ್ದರು.

“ಕಟ್ಟಡ ಸ್ವಲ್ಪ ಚಿಕ್ಕದಾಯ್ತು,” ಎಂದರು ಅಧಿಕಾರಿ.

ಹೆಂಡತಿ ನಿಧಾನಕ್ಕೆ ಗಂಡನ ಕಡೆ ತಿರುಗಿದಳು. “ರೀ, ಆ ನಲವತ್ತಾರು ಜಾಗಕ್ಕೂ ನೀವು ಹೋಗಿದ್ರಿ ತಾನೆ?”

ಅವನು ವರಾಂಡದ ಬೆತ್ತದ ಕುರ್ಚಿಯ ಕಡೆ ನೋಡಿದ. ಕುರ್ಚಿ ಏನನ್ನೂ ಮುಚ್ಚಿಡುವ ಹಾಗೆ ಕಾಣಲಿಲ್ಲ.

ಕಂಪನಿಯ ನಿಯಮ ಸರಳವಾಗಿತ್ತು. ಪ್ರತಿ ಅಂಗಡಿಯ, ಪ್ರತಿ ಕಚೇರಿಯ ಬಾಗಿಲಿಗೆ ಹೋಗಿ ನಿಲ್ಲಬೇಕು. ಅಲ್ಲಿ ಫೋನಿನ ಗುಂಡಿ ಒತ್ತಬೇಕು. ಒತ್ತಿದ ಜಾಗವೇ ಮ್ಯಾಪಿನಲ್ಲಿ ಆ ಬಾಗಿಲಿನ ಜಾಗ. ಮೊದಲ ದಿನ, ತರಬೇತಿಗೆಂದು ಊರಾಚೆಯ ಖಾಲಿ ಮೈದಾನಕ್ಕೆ ಕರೆದೊಯ್ದಾಗ, ಅಭ್ಯಾಸಕ್ಕೆ ಎಲ್ಲರೂ ತಮ್ಮ ತಮ್ಮ ಮನೆಯ ಹೆಸರು ಬರೆದು ಒತ್ತಿದ್ದರು. ಅವನು ಬಿಸಿಲಿಗೆ ಹೋದದ್ದು ಅದೊಂದೇ ಸಲ. ಆಮೇಲೆ ನಲವತ್ತಾರು ಜಾಗಗಳ ಪಟ್ಟಿ ಕೈಗೆ ಬಂದ ದಿನ ಬಿಸಿಲು ನೆತ್ತಿ ಸುಡುತ್ತಿತ್ತು, ಬೆತ್ತದ ಕುರ್ಚಿ ತಣ್ಣಗಿತ್ತು. ಸದ್ಯಕ್ಕೆ ಇಲ್ಲಿಂದಲೇ ಎಲ್ಲ ಒತ್ತಿಬಿಡೋಣ, ಆಮೇಲೆ ಒಂದೊಂದನ್ನೇ ಅದರದರ ಜಾಗಕ್ಕೆ ಎಳೆದು ಕೂರಿಸಿದರಾಯಿತು ಎಂದುಕೊಂಡ. ‘ಆಮೇಲೆ’ ಬರುವ ಮೊದಲು ಫಲಕ ಬಂತು. ಫಲಕ ಬಂದ ಮೇಲೆ ಎಳೆದು ಕೂರಿಸುವುದು ಮರೆತೇ ಹೋಯಿತು.

“ಅಂದ್ರೆ ಇಡೀ ಪೇಟೆ ನಮ್ಮ ಕುರ್ಚಿ ಮೇಲೆ ಕೂತಿದೆ,” ಎಂದಳು ಹೆಂಡತಿ.

“ಎಲ್ಲಾ ಅಲ್ಲ. ನಲವತ್ತಾರೇ.”

ಗಂಟೆ ಹತ್ತೂ ಹತ್ತು. ಕಾರು ತಿರುಗಿಸಲು ಹೋದರೆ ಹಿಂದೆ ಬೀರು ತಂದ ಗಾಡಿ, ಅಧಿಕಾರಿಯ ಜೀಪು, ಅದರ ಹಿಂದೆ ಇನ್ನೂ ಯಾರೋ ತಲುಪುತ್ತಿದ್ದರು. ಓಣಿ ಕಟ್ಟಿಕೊಂಡಿತ್ತು. ಅವನಿಗೆ ಅತ್ತೆಯ ಮುಖ ನೋಡಲಾಗಲಿಲ್ಲ. ಮೂವತ್ತೊಂದು ವರ್ಷ ತಡ ಮಾಡದವರನ್ನು, ಅವರ ಜೀವನದಲ್ಲಿ ಒಂದೇ ಸಲ ಬರುವ ದಿನ, ಅವನು ಮನೆಯಿಂದ ಮನೆಗೆ ಕರೆತಂದಿದ್ದ.

ಅತ್ತೆ ಕಾರಿನಿಂದಿಳಿದು ಮೆಟ್ಟಿಲ ಮೇಲೆ ನಿಂತರು. ಖಾಕಿ ಚೀಲವನ್ನು ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡು, ನೆರೆದವರನ್ನು ಒಮ್ಮೆ, ಬೆಳಗಿನ ಟಪಾಲು ನೋಡುವ ಹಾಗೆ ನೋಡಿದರು.

“ಯಾರ್ಯಾರಿಗೆ ಎಲ್ಲಿ ಹೋಗ್ಬೇಕು, ಒಬ್ಬೊಬ್ಬರಾಗಿ ಹೇಳಿ. ಪಾಲಿಶ್ ಅಂಗಡಿ ಮುಂದೆ. ಅವರ ಹಿಂದೆ ಕ್ಷೌರ. ಆಮೇಲೆ ನಾಯಿ. ಹಲ್ಲಿನವರು ಗಡಿಯಾರದ ಕಂಬಕ್ಕೆ, ನಾಯಿ ಆದ ಮೇಲೆ.”

“ನಾವು ನಾಯಿಗಿಂತ ಮೊದಲು ಬಂದವರು,” ಎಂದು ಹಲ್ಲಿನವನು ಕೆನ್ನೆಯೊಳಗಿಂದಲೇ ತಕರಾರು ತೆಗೆದ.

“ಬಂದ ಕ್ರಮ ಅಲ್ಲಪ್ಪ, ಬೀದಿಯ ಕ್ರಮ. ಕಾಗದ ಹಂಚೋದು ಹಾಗೇನೇ. ಭಾರದ್ದನ್ನು ಹತ್ತಿರದಲ್ಲೇ ಮೊದಲು ಇಳಿಸಿಬಿಟ್ರೆ ಉಳಿದ ದಾರಿ ಹಗುರ. ಸಾಹೇಬರೇ, ನೀವು ಕೊನೇ ಮನೆ, ನನ್ನ ಜೊತೆಗೇ ಇರಿ. ರಿಬ್ಬನ್ ಮಡಚಿಕೊಳ್ಳಿ, ನಾಯಿ ಎಳೆಯುತ್ತೆ.”

ಸಾಹೇಬರು ಮಡಚಿಕೊಂಡರು.

“ಮತ್ತೆ ಅಳಿಯಂದಿರೇ, ನಿಮ್ಮ ಪಟ್ಟಿ ತನ್ನಿ. ನಾನು ಬಾಗಿಲು ತೋರಿಸ್ತೀನಿ. ನೀವು ನಿಂತು ಒತ್ತಿ.”

ಹೀಗೆ ಹೊರಟಿತು ಆ ಮೆರವಣಿಗೆ. ಮುಂದೆ ಅಂಚೆಯಮ್ಮ, ಹಿಂದೆ ಬೀರು, ಅದರ ಹಿಂದೆ ಉಳಿದವರೆಲ್ಲ. ಅತ್ತೆಗೆ ವಯಸ್ಸಾಗಿದೆ ಎಂಬುದನ್ನು ಅವರ ಕಾಲುಗಳಿಗೆ ಯಾರೂ ತಿಳಿಸಿರಲಿಲ್ಲ. ಸಂದಿಯಲ್ಲಿ ನುಗ್ಗಿ, ಗಿರಣಿಯ ಹಿತ್ತಿಲ ಮೂಲಕ ಹಾದು, ಯಾವ ಮ್ಯಾಪಿಗೂ ಕಾಣದ ಮೂರು ಮೆಟ್ಟಿಲು ಹತ್ತಿದರೆ ಪೇಟೆ. “ಪಾಲಿಶ್ ಅಂಗಡಿ. ಒತ್ತಿ.” ಅವನು ಒತ್ತಿದ. ಬೀರು ಇಳಿಯಿತು. “ಟೈಲರು. ಒತ್ತಿ. ಛತ್ರಿ ರಿಪೇರಿ. ಒತ್ತಿ.” ಪ್ರತಿ ಬಾಗಿಲಿಂದಲೂ ಯಾರಾದರೂ ಹೊರಗೆ ಬಂದು, “ಅಂಚೆಯಮ್ಮ, ಕಾಗದ ಇದೆಯಾ?” ಎಂದು ನಗುತ್ತಿದ್ದರು. ಅವರು, “ಇವತ್ತು ಮನುಷ್ಯರನ್ನೇ ತಂದಿದ್ದೀನಿ,” ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಬೀದಿ ಬದಲಿಸಿದ್ದ ಪುಸ್ತಕದಂಗಡಿಯೂ ಅವರಿಗೆ ಗೊತ್ತಿತ್ತು. ಬೆವರು ಒರೆಸಿಕೊಳ್ಳುತ್ತ ಅವನು, ಈ ಹೆಂಗಸು ನಮ್ಮ ಅತ್ತೆ ಎಂದು ದಾರಿಹೋಕರಿಗೆಲ್ಲ ಹೇಳಬೇಕೆನ್ನಿಸಿ, ಇಬ್ಬರಿಗೆ ಹೇಳಿಯೂ ಬಿಟ್ಟ.

ಗಡಿಯಾರದ ಕಂಬದ ಹತ್ತಿರ ಹಲ್ಲಿನವನು ಇಳಿದುಕೊಂಡ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೆಂಡತಿ ಫೋನಿನಲ್ಲಿ ಹೊಸ ಮ್ಯಾಪು ನೋಡಿ ಗಟ್ಟಿಯಾಗಿ ಓದಿದಳು: “ನಮ್ಮ ಮನೆಗೆ ಅಭಿಪ್ರಾಯ ಬಂದಿದೆ ಕಣ್ರೀ, ದಂತ ಚಿಕಿತ್ಸಾಲಯ ಅನ್ನೋ ಹೆಸರಲ್ಲಿ. ‘ಡಾಕ್ಟರು ಇರಲಿಲ್ಲ. ನೀರು ಕೊಟ್ಟರು. ಗೇಟಿಗೆ ಎಣ್ಣೆ ಬೇಕು. ಮೂರು ನಕ್ಷತ್ರ.’”

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಹೊಸ ಕಟ್ಟಡ ಎದುರಾಯಿತು. ಎರಡು ಮಹಡಿ, ಮುಂದೆ ದಪ್ಪ ಕಂಬಗಳು, ಹೆಸರಿನ ಹಲಗೆಯ ಮೇಲೆ ಇನ್ನೂ ಬಿಳಿ ಬಟ್ಟೆ. ಎರಡು ನಿಮಿಷ ಅತ್ತೆಗೆ ಚಪ್ಪಲಿಯ ಧೂಳು ಕೊಡವಲು ಸಾಕಾಯಿತು. ಸಾಹೇಬರು ರಿಬ್ಬನ್ ಕಟ್ಟಿದರು, ಒಳಗಿನ ಗಡಿಯಾರ ಹನ್ನೊಂದು ಹೊಡೆಯಿತು, ಅತ್ತೆ ಕತ್ತರಿಸಿದರು. ಹೆಂಡತಿ ಕಣ್ಣೊರೆಸಿಕೊಂಡು, “ಇಪ್ಪತ್ತೊಂಬತ್ತು ಬಾಗಿಲು ಆಯ್ತು,” ಎಂದಳು, ಅದಕ್ಕೇ ಅತ್ತವಳ ಹಾಗೆ.

ಚಪ್ಪಾಳೆಯ ನಡುವೆ ಒಂದು ಕಾರು ಬಂದು ನಿಂತಿತು. ಇಳಿದವರು ಮ್ಯಾಪ್ ವಿಭಾಗದ ಮುಖ್ಯಸ್ಥರು, ಕೈಯಲ್ಲಿ ಹೂಗುಚ್ಛ, ಮುಖದಲ್ಲಿ ಗೆದ್ದ ಕಳೆ.

“ನಿಮ್ಮನ್ನು ಮನೆಗೇ ಬಂದು ಅಭಿನಂದಿಸೋಣ ಅಂತ ಬಂದೆ. ಯಾರನ್ನೂ ಕೇಳಲಿಲ್ಲ ನೋಡಿ, ನಮ್ಮ ಮ್ಯಾಪು ಸೀದಾ ಬಾಗಿಲಿಗೇ ತಂದು ಬಿಡ್ತು.” ಅವರು ಹೂಗುಚ್ಛವನ್ನು ಅವನ ಕೈಗಿಟ್ಟು, ಕತ್ತೆತ್ತಿ ಕಂಬಗಳನ್ನು, ಎರಡನೆಯ ಮಹಡಿಯನ್ನು, ಸುತ್ತ ನೆರೆದ ಜನರನ್ನು ನೋಡಿದರು. “ಅಲ್ರೀ, ಗೃಹಪ್ರವೇಶ ಅಂತ ಒಂದು ಮಾತು ಹೇಳಬಾರದಿತ್ತಾ? ಎಷ್ಟು ದೊಡ್ಡ ಮನೆ ಕಟ್ಟಿಸಿದ್ದೀರಿ.”

ಊರಾಚೆಯ ಖಾಲಿ ಮೈದಾನ. ತರಬೇತಿಯ ಮೊದಲ ದಿನ. ತನ್ನ ಮನೆಯ ಹೆಸರು ಬರೆದು ಗುಂಡಿ ಒತ್ತಿದ್ದು ಇದೇ ನೆಲದ ಮೇಲೆ ನಿಂತು ಎಂಬುದು ಅವನಿಗೆ ಆಗ ನೆನಪಾಯಿತು.

“ಸರ್, ಇದು ನಮ್ಮ ಮನೆ ಅಲ್ಲ. ನಿಜ ಹೇಳಬೇಕು ಅಂದ್ರೆ, ನಮ್ಮ ವರಾಂಡದಲ್ಲಿ ಒಂದು ಬೆತ್ತದ ಕುರ್ಚಿ...”

“ಅಳಿಯಂದಿರೇ,” ಅತ್ತೆ ಆಗಲೇ ರಸ್ತೆಗೆ ಇಳಿದಿದ್ದರು, ಚೀಲ ಹೆಗಲಲ್ಲಿ. “ಇನ್ನೂ ಹದಿನೇಳು ಬಾಗಿಲು ಇವೆ. ಬರ್ತೀರೋ, ಇಲ್ಲೇ ಕೂತು ಒತ್ತುತ್ತೀರೋ?”

“ಬಂದೆ ಅತ್ತೆ,” ಎಂದು ಅವನು ಹೂಗುಚ್ಛವನ್ನು ಹೆಂಡತಿಯ ಕೈಗಿತ್ತು ಮುಖ್ಯಸ್ಥರ ಕಡೆ ತಿರುಗಿದ. “ಸರ್, ಸ್ಟಾಂಪು ಬೇಕಿದ್ದರೆ ಒಳಗೆ ಮೊದಲ ಕಿಟಕಿ. ನಮ್ಮ ಮನೆ ಬೇಕಿದ್ದರೆ ಫೋನು ಜೇಬಿನಲ್ಲಿಡಿ, ಇಲ್ಲಿಂದ ನೇರ ಹೋಗಿ ಎಡಕ್ಕೆ ತಿರುಗಿ, ಅಲ್ಲಿ ಯಾರನ್ನಾದರೂ ದಾರಿ ಕೇ...” ಎನ್ನುತ್ತಲೇ ಅವನು ಅತ್ತೆಯ ಹಿಂದೆ ಮೆಟ್ಟಿಲಿಳಿದು ನಡೆದ.