ಸ್ಕೂಟರ್ ಏರಿದ ಅಂಬಲಿ

ಕೆಲವರಿಗೆ ಸ್ಕೂಟರಿನ ಮೇಲೆ ಏನನ್ನು ಬೇಕಾದರೂ ಸಾಗಿಸುವ ವಿದ್ಯೆ ಹುಟ್ಟಿನಿಂದಲೇ ಒಲಿದಿರುತ್ತದೆ. ಹೆಂಡತಿ, ಇಬ್ಬರು ಮಕ್ಕಳು, ಒಂದು ಗ್ಯಾಸ್ ಸಿಲಿಂಡರು, ಸಾಲದ್ದಕ್ಕೆ ತೊಡೆಯ ಮೇಲೊಂದು ಮೇಕೆಮರಿ, ಇಷ್ಟನ್ನೂ ಹೇರಿಕೊಂಡು ಬೀಡಿ ಸೇದುತ್ತಾ ಹೋಗುವ ಮಹಾನುಭಾವರನ್ನು ನಮ್ಮ ಚಳ್ಳಕೆರೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ನನಗೆ ಮಾತ್ರ ಆ ವಿದ್ಯೆ ಹತ್ತಲಿಲ್ಲ. ಗಟ್ಟಿ ಪದಾರ್ಥವಾದರೆ ಹೇಗೋ ಮಾನ ಉಳಿಯುತ್ತದೆ. ಕುಡಿಯುವಂಥದ್ದೇನಾದರೂ ನನ್ನ ಸ್ಕೂಟರು ಹತ್ತಿತೆಂದರೆ, ಊರು ಮುಟ್ಟುವುದರೊಳಗೆ ಅದು ರಸ್ತೆಗೂ ನನಗೂ ಸಮಪಾಲಾಗಿರುತ್ತದೆ.

ಇದು ಬಯಲಾದದ್ದು ನನ್ನ ಅಕ್ಕ ಬಸುರಿಯಾದಾಗ. ಅವಳನ್ನು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಗೆ ಕೊಟ್ಟಿದ್ದೆವು. ಏಳನೇ ತಿಂಗಳಲ್ಲಿ ಅವಳಿಗೆ ರಾಗಿ ಅಂಬಲಿಯ ಬಯಕೆ ಹುಟ್ಟಿತು. ಅತ್ತೆಯ ಮನೆಯಲ್ಲಿ ರಾಗಿ ಇರಲಿಲ್ಲವೇ, ಮಜ್ಜಿಗೆ ಇರಲಿಲ್ಲವೇ? ಎಲ್ಲವೂ ಇತ್ತು. ಆದರೆ ನಮ್ಮವ್ವನ ಮಡಕೆಯಲ್ಲೇ ಹುಳಿಬಂದು, ಅವ್ವನೇ ಬೆಳ್ಳುಳ್ಳಿ ಜಜ್ಜಿ ಹಾಕಿದ ಅಂಬಲಿಯೇ ಆಗಬೇಕಂತೆ. "ಬಸುರಿ ಬಯಕೆ ತೀರಿಸ್ಲಿಲ್ಲ ಅಂದ್ರೆ ಹುಟ್ಟೋ ಕೂಸಿನ ಕಿವಿ ಸೋರ್ತೈತೆ ಕಣಲೇ. ಸೋದರಮಾವ ಆಗೋನು ನೀನು, ಕೊಟ್ಟು ಬಾ" ಎಂದು ಅವ್ವ ಹೊಣೆಯನ್ನು ನನ್ನ ತಲೆಗೇ ಕಟ್ಟಿದಳು. ಇಂಥದ್ದರಲ್ಲೆಲ್ಲ ನನಗೆ ನಂಬಿಕೆಯಿಲ್ಲ. ಆದರೂ ಆ ಎಳೆಗಿವಿ ಕಣ್ಣ ಮುಂದೆ ಬಂದಾಗ ಸ್ಕೂಟರಿನ ಕೀಲಿ ಹುಡುಕಿದೆ. ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೋಗಬಹುದಿತ್ತು, ಆದರೆ ಸ್ಕೂಟರು ಹೊಸದು.

ಮೊದಲ ಭಾನುವಾರ ಸ್ಟೀಲ್ ಕ್ಯಾನನ್ನು ಚೀಲದಲ್ಲಿಟ್ಟು ಹ್ಯಾಂಡಲಿನ ಕೆಳಗಿನ ಕೊಕ್ಕೆಗೆ ನೇತುಹಾಕಿದೆ. ಅದು ತೊಟ್ಟಿಲಿನಂತೆ ತೂಗುತ್ತಾ, ತಳುಕು ದಾಟುವಷ್ಟರಲ್ಲಿ ನನ್ನ ಎರಡೂ ಮೊಣಕಾಲಿಗೆ ಅಭಿಷೇಕ ಮುಗಿಸಿತ್ತು. ಎರಡನೇ ಭಾನುವಾರ ಕ್ಯಾನನ್ನು ಪಾದಗಳ ನಡುವೆ ಇರುಕಿಸಿಕೊಂಡೆ. ಶೇಂಗಾ ಮೂಟೆಯ ಲಾರಿಯೊಂದು ಮುಂದೆ ಗಕ್ಕನೆ ನಿಂತಾಗ ಬ್ರೇಕ್ ತುಳಿಯಲು ಬಲಗಾಲು ಎತ್ತಲೇಬೇಕಾಯಿತು. ನಾನು ಉಳಿದೆ, ಅಂಬಲಿ ಉಳಿಯಲಿಲ್ಲ. ಎರಡು ಸಲವೂ ಅಕ್ಕ ಖಾಲಿ ಕ್ಯಾನನ್ನು ಮೂಸಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. ನನಗೆ ನಿಜಕ್ಕೂ ಸಂಕಟವಾಯಿತು.

ಮೂರನೇ ಸಲ ಛಲ ಹುಟ್ಟಿತು. ಎಣ್ಣೆ ಮಿಲ್ಲಿನಲ್ಲಿ ನನ್ನ ಕೆಲಸ ಡಬ್ಬದ ಬಾಯಿ ಮುಚ್ಚುವುದು. ನಾನು ಮುಚ್ಚಿದ ಡಬ್ಬ ಒಂದು ಹನಿ ಸೋರಿದ ಚರಿತ್ರೆಯಿಲ್ಲ. ಈ ಬುದ್ಧಿ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಹಣೆ ಚಚ್ಚಿಕೊಂಡು, ಪ್ಲಾಸ್ಟಿಕ್ ಕ್ಯಾನಿನ ಬಾಯಿಗೆ ಸೈಕಲ್ ಟ್ಯೂಬಿನ ವಾಷರು ಕತ್ತರಿಸಿಟ್ಟು, ಮುಚ್ಚಳವನ್ನು ಹಲ್ಲು ಕಚ್ಚಿ ತಿರುಪಿದೆ. ಅವ್ವ ನೋಡಿ ಗಾಬರಿಯಾದಳು. "ಅಷ್ಟು ಬಿಗಿಬ್ಯಾಡಲೇ, ಬಾಯಿಗೆ ಬಟ್ಟೆ ಕಟ್ಟು ಸಾಕು. ಹುಳಿಬಂದ ಅಂಬಲಿ ಐತೆ, ಅದಕ್ಕೂ ಉಸಿರಾಡಾಕೆ ಜಾಗ ಬೇಕು."

"ದಿನಾ ಡಬ್ಬ ಮುಚ್ಚೋನು ನಾನು. ನೀನು ನನಗೇ ಹೇಳ್ತೀಯಾ?" ಎಂದು ಕ್ಯಾನನ್ನು ಬೆನ್ನಿಗೆ ಬಿಗಿದು ಹೊರಟೆ. ಅದರ ಮುಚ್ಚಳ ನನ್ನ ಬಲಭುಜದಿಂದ ಇಣುಕುತ್ತಿತ್ತು.

ಆಹಾ, ಎಂಥ ಪ್ರಯಾಣ! ಪ್ಯಾಂಟು ಒಣಗಿದೆ, ಬಿಸಿಲು ರಣಗುಡುತ್ತಿದೆ, ಒಂದು ಹನಿ ಚೆಲ್ಲಿಲ್ಲ. ಖುಷಿಗೆ ಹಾಡು ಬೇರೆ. ಮೊಳಕಾಲ್ಮೂರಿಗೆ ಮುಂಚೆ ಸಿಗುವ ಹಾನಗಲ್ ಹತ್ತಿರ ಎಲ್ಲೋ ಸಣ್ಣಗೆ 'ಬುಸ್ಸ್' ಎಂದಿತು. ಹಿಂದಿನ ಚಕ್ರ ಪಂಕ್ಚರಾಯಿತೇನೋ ಎಂದು ತಲೆಯನ್ನು ಬಲಕ್ಕೆ ವಾಲಿಸಿ ಕಿವಿಗೊಟ್ಟೆ. ಹೆಲ್ಮೆಟ್ಟಿನ ಅಭ್ಯಾಸ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಢಬ್! ಮುಚ್ಚಳ ಜಾಲಿಮರದ ಕಡೆಗೆ ಹಾರಿತು. ಎಣ್ಣೆಯಾದರೆ ಮುಚ್ಚಿದಲ್ಲಿ ತೆಪ್ಪಗಿರುತ್ತದೆ; ಬಿಸಿಲಿಗೆ ಉಕ್ಕಿದ ಅಂಬಲಿ ಬೆಳ್ಳುಳ್ಳಿ ಸಮೇತ ನನ್ನ ಕಿವಿಯೊಳಕ್ಕೆ ನುಗ್ಗಿತು.

ಒಂದು ಅಂಗೈಯಿಂದ ಕ್ಯಾನಿನ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಸ್ಕೂಟರು ತಳ್ಳಿಕೊಂಡೇ ಉಳಿದ ದಾರಿ ಸವೆಸಿದೆ. ಬಾಗಿಲಲ್ಲಿ ನನ್ನ ಅವತಾರ ಕಂಡ ಅಕ್ಕನ ಅತ್ತೆ, "ಅಯ್ಯೋ ದೇವುಡಾ! ಮಗ್ಗದ ಹತ್ರ ಬರಬ್ಯಾಡಪ್ಪಾ, ರೇಷ್ಮೆ ಮ್ಯಾಲೆ ಬಿದ್ದೀತು!" ಎಂದು ಅಡ್ಡ ನಿಂತರು. ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು. ಅಕ್ಕ ಹೊಸ್ತಿಲಲ್ಲೇ ನಿಂತು ಗಟಗಟನೆ ಕುಡಿದು, ತುಟಿ ಒರೆಸಿಕೊಂಡು, "ಉಪ್ಪು ಒಂಚೂರು ಕಮ್ಮಿ ಆಗೈತೆ" ಎಂದಳು. ನನಗೆ ಅಳು, ನಗು ಒಟ್ಟಿಗೇ ಬಂದವು.

ಹೆಣ್ಣುಮಗು ಹುಟ್ಟಿತು. ಅದರ ಕಿವಿಗೇನೂ ಆಗಲಿಲ್ಲ. ಬೆಲ್ಲದ ಡಬ್ಬಿ ತೆಗೆದರೆ ಬೀದಿಯ ಆ ತುದಿಯಲ್ಲಿದ್ದರೂ ಅದಕ್ಕೆ ಕೇಳಿಸುತ್ತದೆ. ಸೋರುತ್ತಿರುವುದು ನನ್ನ ಬಲಗಿವಿ. ಮೊನ್ನೆ ರಜೆಗೆ ಬಂದಿದ್ದ ಆ ಪುಟಾಣಿ ನನ್ನನ್ನು ಮಗ್ಗುಲಾಗಿ ಮಲಗಿಸಿ, ಕಿವಿಗೆ ಔಷಧಿ ಬಿಡುತ್ತಾ ಕೇಳಿತು: "ಅಜ್ಜೀ, ಮಾಮ ನಿನ್ನ ಹೊಟ್ಟೇಲಿದ್ದಾಗ ನಿನಗ್ಯಾರೂ ಅಂಬಲಿ ತಂದ್ಕೊಡ್ಲಿಲ್ವಾ?"

ಅವ್ವ ರಾಗಿ ಕೇರುವುದನ್ನು ನಿಲ್ಲಿಸಲೂ ಇಲ್ಲ. "ತರಾಕೇನೋ ಹೊಂಟಿದ್ದ ಕಣವ್ವಾ, ನನ್ನ ತಮ್ಮ. ಅವನೂ ಇವನಂಗೇ ಬುದ್ಧಿವಂತ."